ಒಂದೇ ಜೇಬಿನಲ್ಲಿ ಎರಡು ಟಿಕೆಟ್

ಟಿಕೆಟ್ ಇಲ್ಲದೆ ಪ್ರಯಾಣಿಸಿ ದಂಡ ತೆತ್ತವನು ಎಂದರೆ ನಿಮ್ಮ ಮನಸ್ಸಿನಲ್ಲಿ ಮೂಡುವ ಮುಖ ಯಾವುದು? ಕಂಡಕ್ಟರ್ ಹತ್ತಿರ ಬಂದಾಗ ಕಿಟಕಿಯ ಕಡೆ ತಿರುಗಿ ನಿದ್ದೆ ನಟಿಸುವವನದೇ? ಮುಂದಿನ ಸ್ಟಾಪಿನಲ್ಲಿ ಸದ್ದಿಲ್ಲದೆ ಜಾರಿಕೊಳ್ಳುವವನದೇ? ನನ್ನ ಮನಸ್ಸಿನಲ್ಲಿ ಮೂಡುವುದು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಅಂಚಿನ ಪಂಚೆ ಉಟ್ಟು, ಕೈಚೀಲವನ್ನು ತೊಡೆಯ ಮೇಲೆ ನೆಟ್ಟಗೆ ಇಟ್ಟುಕೊಂಡು ಕೂತ ಒಬ್ಬ ಹಿರಿಯರ ಮುಖ. ಅವರ ಟಿಕೆಟ್ಟಿನ ಹಣ ಸಂದಾಯವಾಗಿತ್ತು. ಕೊಟ್ಟವರು ನನ್ನ ತಂದೆ. ಆದರೂ ಅವರು ದಂಡ ತೆತ್ತರು. ಕಾನೂನಿನ ಪ್ರಕಾರವೇ ತೆತ್ತರು.

ಆಗ ನಾನು ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಪದವಿ ಓದುತ್ತಿದ್ದೆ. ನಮ್ಮ ಮನೆ ಶಿಡ್ಲಘಟ್ಟದಲ್ಲಿ. ತಂದೆ ಪ್ರೌಢಶಾಲೆಯ ಮೇಷ್ಟ್ರು. ದಿನವೂ ಬೆಳಿಗ್ಗೆ ಸಂಜೆ ಬಸ್ಸಿನಲ್ಲಿ ಓಡಾಡುತ್ತಿದ್ದ ನನ್ನ ಬಳಿ ವಿದ್ಯಾರ್ಥಿ ಪಾಸ್ ಇತ್ತು. ಹರಿದು ಕೊಡುವ ಟಿಕೆಟ್ ಪುಸ್ತಕಗಳ ಕಾಲ ಮುಗಿದು ಕಂಡಕ್ಟರುಗಳ ಕೊರಳಿಗೆ ಟಿಕೆಟ್ ಯಂತ್ರ ಬಂದಿತ್ತು. ಹೆಂಗಸರ ಉಚಿತ ಪ್ರಯಾಣ ಇನ್ನೂ ಬಂದಿರಲಿಲ್ಲ. ಸಂಜೆಯ ಚಿಂತಾಮಣಿ ಬಸ್ಸಿನಲ್ಲಿ ಹೂವಿನ ಮೂಟೆ, ಹಾಲಿನ ಖಾಲಿ ಕ್ಯಾನು, ರೇಷ್ಮೆಗೂಡು ಮಾರಿ ಬಂದವರ ಮಡಚಿದ ಚೀಲ, ಎಲ್ಲವೂ ನಮ್ಮ ಜೊತೆ ನಿಂತೇ ಬರುತ್ತಿದ್ದವು. ಗೂಡಿನ ಚೀಲದ ವಾಸನೆ ಹೊರಗಿನವರಿಗೆ ಸಹಿಸಲಾಗದ್ದು. ನಮಗೆ ಅದು ಊರು ಹತ್ತಿರವಾಗುತ್ತಿರುವ ಗುರುತು. ಇಂದಿಗೂ ಎಲ್ಲಾದರೂ ಆ ವಾಸನೆ ಸುಳಿದರೆ ನಾನು ಅರಿವಿಲ್ಲದೆ ನನ್ನ ಚೀಲವನ್ನು ಕೈಗೆತ್ತಿಕೊಳ್ಳುತ್ತೇನೆ, ಇಳಿಯುವ ಹೊತ್ತಾಯಿತು ಎಂಬಂತೆ.

ಆ ದಿನಗಳಲ್ಲಿ ನಮ್ಮ ಕಡೆಯ ಬಸ್ಸುಗಳಲ್ಲಿ ಒಂದು ಮರ್ಯಾದೆ ನಡೆದುಕೊಂಡು ಬಂದಿತ್ತು. ಪರಿಚಯದ ಹಿರಿಯರು ಬಸ್ಸಿನಲ್ಲಿ ಕಂಡರೆ ಅವರ ಟಿಕೆಟ್ಟನ್ನು ಮೊದಲು ನೋಡಿದವರೇ ಕೊಳ್ಳಬೇಕು. ಹಣದ ಲೆಕ್ಕ ಯಾರೂ ಇಡುತ್ತಿರಲಿಲ್ಲ. ಬಸ್ಸಿನ ಒಂದು ತುದಿಯಿಂದ "ನಿಮ್ದು ತಗೊಂಡಾಯ್ತು" ಎಂದು ಕೂಗಿದರೆ ಇನ್ನೊಂದು ತುದಿಯಲ್ಲಿದ್ದವರು ಕೈಮುಗಿದು ಸುಮ್ಮನಾಗುತ್ತಿದ್ದರು. ಆ ಮಾತನ್ನು ನಂಬದೆ "ಟಿಕೆಟ್ ಎಲ್ಲಿ, ತೋರಿಸಿ" ಎನ್ನುವುದು ಅವಮಾನ ಮಾಡಿದಂತೆ. ಹೀಗಾಗಿ ಕೊಂಡವರ ಬಳಿಯೇ ಟಿಕೆಟ್ ಉಳಿಯುತ್ತಿತ್ತು. ಕೊಂಡದ್ದಾಯಿತು ಎಂಬ ಮಾತಷ್ಟೇ ಇನ್ನೊಬ್ಬರಿಗೆ ತಲುಪುತ್ತಿತ್ತು.

ಅದೇ ಸಮಯದಲ್ಲಿ ನಮ್ಮ ಮನೆಯಲ್ಲಿ ಅಕ್ಕನ ಮದುವೆಯ ಮಾತು ನಡೆದಿತ್ತು. ಅಕ್ಕ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಸೂಜಿ ಕಂಡರೆ ಮುಖ ತಿರುಗಿಸುವ ಮಕ್ಕಳನ್ನು ಮಾತಿನಲ್ಲೇ ಮರೆಸಿ ರಕ್ತ ತೆಗೆಯುವುದು ಅವಳಿಗೆ ಒಲಿದ ಕೆಲಸ. ಗೌರಿಬಿದನೂರಿನ ಕಡೆಯಿಂದ ಬಂದಿದ್ದ ಒಂದು ಸಂಬಂಧ, ಸೊಸೆಯಾದವಳು ಊರವರ ರಕ್ತ ತೆಗೆದುಕೊಂಡು ಕೂರುವುದು ಬೇಡ ಎಂದಿತ್ತು. ಜಂಗಮಕೋಟೆಯ ಕಡೆಯ ಇನ್ನೊಂದು ಸಂಬಂಧ ಅಷ್ಟು ಬಿಡಿಸಿ ಹೇಳದಿದ್ದರೂ ಅದನ್ನೇ ಹೇಳಿತ್ತು. ಮೂರನೆಯದಾಗಿ ಬಂದವರು ಅಂಬಾಜಿದುರ್ಗದ ತಪ್ಪಲಿನ ಹಳ್ಳಿಯೊಂದರ ಕೃಷಿಕರು. ಹುಡುಗ ಚಿಂತಾಮಣಿಯ ಬ್ಯಾಂಕೊಂದರಲ್ಲಿ ಗುಮಾಸ್ತೆ. ಹೆಣ್ಣು ನೋಡಲು ಬಂದ ದಿನ ಹುಡುಗನ ತಾಯಿ ಅಕ್ಕನನ್ನು ಕೇಳಿದ್ದು ಒಂದೇ ಪ್ರಶ್ನೆ: "ನಮ್ಮ ಚಿಂತಾಮಣೀಲೂ ಲ್ಯಾಬುಗಳು ಅವೆಯಲ್ಲ, ಅಲ್ಲಿ ಕೆಲಸ ಸಿಕ್ತದೇನಮ್ಮ?" ಮರುದಿನ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತ ಅಕ್ಕ ನನಗೆ ಹೇಳಿದ್ದಳು, "ಈ ಮನೆ ಕೂಡಿಬಂದ್ರೆ ಸಾಕು ಕಣೇ. ಕೆಲಸ ಬಿಡು ಅನ್ನದೇ ಇರೋ ಮೊದಲನೇ ಮನೆ ಇದು."

ಹುಡುಗನ ಮನೆಯವರು ಮಾತಾಡಿಕೊಂಡು ಹೇಳಿಕಳಿಸುತ್ತೇವೆ ಎಂದು ಹೋಗಿದ್ದರು. ಹಾಗೆ ಹೇಳಿ ಹೋದವರ ಉತ್ತರಕ್ಕೆ ಕಾಯುವುದೆಂದರೆ ಏನೆಂದು ಹೆಣ್ಣು ಹೆತ್ತವರಿಗೇ ಗೊತ್ತು. ಫೋನ್ ಸದ್ದಾದರೆ ಸಾಕು, ಅಪ್ಪ ಓದುತ್ತಿದ್ದ ಪತ್ರಿಕೆಯನ್ನು ಕೆಳಗಿಡುತ್ತಿದ್ದರು.

ಹೀಗಿರುವಾಗ ಒಂದು ಸಂಜೆ ಅಪ್ಪ ಯಾವುದೋ ಇಲಾಖೆಯ ಕೆಲಸಕ್ಕೆ ಚಿಕ್ಕಬಳ್ಳಾಪುರಕ್ಕೆ ಬಂದವರು ನನ್ನ ಜೊತೆಯೇ ಊರಿಗೆ ಹೊರಟರು. ನಾನು ಮುಂದೆ ಹೆಂಗಸರ ನಡುವೆ ಜಾಗ ಹಿಡಿದೆ. ಅಪ್ಪ ಹಿಂಬಾಗಿಲ ಬಳಿ ಕಂಬ ಹಿಡಿದು ನಿಂತರು. ಬಸ್ಸು ಊರು ಬಿಡುವಷ್ಟರಲ್ಲಿ ನಡುಸಾಲಿನ ಕಿಟಕಿಯ ಪಕ್ಕ ಹುಡುಗನ ತಂದೆ ಕುಳಿತಿರುವುದು ನನಗೂ ಕಂಡಿತು, ಅಪ್ಪನಿಗೂ ಕಂಡಿತು, ಅವರಿಗೆ ಅಪ್ಪನೂ ಕಂಡರು. ಕಂಡಕ್ಟರ್ ಅಪ್ಪನ ಪಕ್ಕದಲ್ಲೇ ಇದ್ದ. ಹಿರಿಯರು ತಡಮಾಡದೆ ಒಂದು ನೋಟು ತೆಗೆದು, ಮೇಷ್ಟ್ರದ್ದೂ ಸೇರಿಸಿ ಕೊಡಬೇಕೆಂದು ಹೇಳಿ ಹಿಂದಕ್ಕೆ ದಾಟಿಸಿದರು. ನೋಟು ಕೈಯಿಂದ ಕೈಗೆ ಹೋಗಿ ಅಪ್ಪನನ್ನು ತಲುಪಿತು. ಅಪ್ಪ ಅದನ್ನು ಕಂಡಕ್ಟರಿಗೆ ಮುಟ್ಟಗೊಡದೆ ಅದೇ ಕೈಗಳ ಮೂಲಕ ಮುಂದಕ್ಕೆ ಕಳಿಸಿದರು. ಅದು ಮತ್ತೆ ಹಿಂದಕ್ಕೆ ಬಂತು. ಮತ್ತೆ ಮುಂದಕ್ಕೆ ಹೋಯಿತು.

ನಡುವೆ ನಿಂತಿದ್ದ ಹೂವಿನ ಮೂಟೆಯವರು ಕೊನೆಗೆ ಕಂಡಕ್ಟರಿಗೆ ಹೇಳಿದರು, "ಈ ನೋಟಿಗೂ ಒಂದು ಟಿಕೆಟ್ ಹರಿಯಪ್ಪ. ನಮಗಿಂತ ಜಾಸ್ತಿ ಓಡಾಡ್ತೈತೆ."

ಬಸ್ಸೆಲ್ಲ ನಕ್ಕಿತು. ಆ ನಗೆಯ ನಡುವೆ ಅಪ್ಪ ಗೆದ್ದರು. ತಮಗೆ ಶಿಡ್ಲಘಟ್ಟಕ್ಕೆ ಒಂದು, ಹಿರಿಯರಿಗೆ ಚಿಂತಾಮಣಿಗೆ ಒಂದು ಟಿಕೆಟ್ ಕೊಂಡರು. ಯಂತ್ರದಿಂದ ಎರಡೂ ಚೀಟಿಗಳು ಒಂದರ ಬಾಲಕ್ಕೆ ಇನ್ನೊಂದು ಅಂಟಿಕೊಂಡೇ ಬಂದವು. ಅಪ್ಪ ಅವನ್ನು ಎತ್ತಿ ಹಿಡಿದು, "ತಗೊಂಡಿದೀನಿ, ನಿಮ್ದೂ ತಗೊಂಡಿದೀನಿ" ಎಂದರು. ಹಿರಿಯರು ಸೋತವರಂತೆ ತಲೆಯಾಡಿಸಿ ಕೈಮುಗಿದರು. ಚೀಟಿಗಳು ಅಪ್ಪನ ಅಂಗಿಯ ಜೇಬು ಸೇರಿದವು.

ಶಿಡ್ಲಘಟ್ಟದ ನಿಲ್ದಾಣದಲ್ಲಿ ಇಳಿದ ಮೇಲೂ ಅಪ್ಪ ಮನೆಯ ದಾರಿ ಹಿಡಿಯಲಿಲ್ಲ. ಕಿಟಕಿಯ ಕೆಳಗೆ ನಿಂತು, ಇಳಿದು ಕಾಫಿ ಕುಡಿದು ಮುಂದಿನ ಬಸ್ಸಿಗೆ ಹೋಗಬಹುದಲ್ಲ ಎಂದು ಬಗೆಬಗೆಯಾಗಿ ಕರೆದರು. ಹಿರಿಯರು ಹೊತ್ತಾಯಿತೆಂದು ಒಪ್ಪಲಿಲ್ಲ. ಅಪ್ಪ ಗಾಡಿಯವನ ಬಳಿ ಸೀಬೆಹಣ್ಣು ಕಟ್ಟಿಸಿ ಕಿಟಕಿಯ ಸಂದಿಯಿಂದ ಕೊಟ್ಟರು. ಹುರಿದ ಕಡಲೆಕಾಯಿಯ ಪೊಟ್ಟಣ ಕೊಟ್ಟರು. ಮನೆಯವರಿಗೆ ನಮಸ್ಕಾರ ಹೇಳಿಕಳಿಸಿದರು. ಆ ಕಿಟಕಿಯೊಳಕ್ಕೆ ಕೊಡಬಹುದಾದ ಎಲ್ಲವನ್ನೂ ಕೊಟ್ಟರು, ಟಿಕೆಟ್ ಒಂದನ್ನು ಬಿಟ್ಟು.

ಮನೆಯಲ್ಲಿ ಅಪ್ಪ ಅಂದು ಬಹಳ ಲವಲವಿಕೆಯಿಂದಿದ್ದರು. ಮದುವೆಯ ಮಾತನ್ನು ಹಿರಿಯರು ಎತ್ತಲಿಲ್ಲವಾದರೂ ಮುಖದಲ್ಲಿ ಪ್ರೀತಿಯಿತ್ತು ಎಂದು ಅಮ್ಮನಿಗೆ ಹೇಳಿದರು. ಅಮ್ಮ ಒಗೆಯಲು ಅಂಗಿ ತೆಗೆದುಕೊಂಡವರು ಅಭ್ಯಾಸದಂತೆ ಜೇಬು ತಡವಿದರು. ಅಂಟಿಕೊಂಡಿದ್ದ ಎರಡು ಚೀಟಿಗಳು ಹೊರಬಂದವು. "ಇದೇನ್ರೀ, ಚಿಂತಾಮಣಿ ಟಿಕೆಟ್ ನಿಮ್ಮ ಹತ್ರ?" ಎಂದರು. ಅಪ್ಪ ಕುರ್ಚಿಯಿಂದ ಎದ್ದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ತಕ್ಷಣ ಹಿರಿಯರಿಗೆ ಫೋನ್ ಮಾಡಿದರು. ಅವರು ಎತ್ತಲಿಲ್ಲ. ಮತ್ತೆ ಮಾಡಿದರು, ಆಗಲೂ ಎತ್ತಲಿಲ್ಲ.

ಬೆಳಿಗ್ಗೆ ಉತ್ತರ ಬೇರೆ ಬಾಯಿಂದ ಬಂತು. ಅದೇ ಬಸ್ಸಿನಲ್ಲಿ ಮುಂದಿನ ಹಳ್ಳಿಗೆ ಹೋಗಿದ್ದ ನಮ್ಮ ಬೀದಿಯ ಹಾಲಿನವರು, ದಾರಿಯಲ್ಲಿ ಚೆಕಿಂಗ್‌ನವರು ಹತ್ತಿದರೆಂದೂ, ಮೇಷ್ಟ್ರು ಕಿಟಕಿಯಲ್ಲಿ ಮಾತಾಡಿಸುತ್ತಿದ್ದ ಯಜಮಾನರ ಬಳಿ ಟಿಕೆಟ್ ಇರಲಿಲ್ಲವೆಂದೂ, ತುಂಬಿದ ಬಸ್ಸಿನಲ್ಲಿ ಎಬ್ಬಿಸಿ ನಿಲ್ಲಿಸಿ ದಂಡ ಹಾಕಿದರೆಂದೂ ಹೇಳಿ ಹಾಲು ಅಳೆದು ಹೋದರು. ಅಮ್ಮ ಆ ಹಾಲನ್ನು ಒಲೆಯ ಮೇಲಿಡಲು ಬಹಳ ಹೊತ್ತು ತೆಗೆದುಕೊಂಡರು. ಹೆಣ್ಣಿನ ಮನೆಯವರು ಟಿಕೆಟ್ ಕೊಳ್ಳುವ ನಾಟಕ ಆಡಿ ಬೀದಿಯಲ್ಲಿ ಮಾನ ಕಳೆದರು ಎಂದು ಗಂಡಿನ ಕಡೆಯವರು ತಿಳಿದಿದ್ದರೆ ಅದರಲ್ಲಿ ತಪ್ಪೇನು ಎಂದರು. ಲ್ಯಾಬಿಗೆ ಹೊರಡಲು ಜಡೆ ಹಾಕಿಕೊಳ್ಳುತ್ತಿದ್ದ ಅಕ್ಕ ಅರ್ಧಕ್ಕೆ ಬಿಟ್ಟು, "ಅಪ್ಪ, ನೀವೇ ಹೋಗಿ ಬನ್ನಿ. ಫೋನಲ್ಲಿ ಹೇಳೋ ಮಾತಲ್ಲ" ಎಂದಳು. ನನ್ನ ಕಡೆ ನೋಡಿ, "ನೀನೂ ಹೋಗು. ಜಾಸ್ತಿ ಮಾತಾಡ್ಬೇಡ" ಎಂದಳು.

ಮಾತಾಡಬೇಡ ಎಂದದ್ದಕ್ಕೆ ಕಾರಣವಿತ್ತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಗೆದ್ದು ನಾನು ಮನೆಯಲ್ಲೂ ವಿಷಯದ ಪರವಾಗಿಯೋ ವಿರೋಧವಾಗಿಯೋ ಅಲ್ಲದೆ ಮಾತಾಡುವುದನ್ನೇ ಬಿಟ್ಟಿದ್ದೆ. ಆ ಬೆಳಿಗ್ಗೆಯೂ ಬಸ್ಸಿನಲ್ಲಿ ನಾನು ವಾದ ಕಟ್ಟುತ್ತಲೇ ಇದ್ದೆ. ಮೋಟಾರು ವಾಹನ ಕಾಯ್ದೆಯ ಪ್ರಕಾರ, ಸರಿಯಾದ ಟಿಕೆಟ್ ಅಥವಾ ಪಾಸ್ ತನ್ನ ಬಳಿ ಇಲ್ಲದೆ ಪ್ರಯಾಣಿಸುವವರು, ಕೇಳಿದಾಗ ತೋರಿಸಲಾಗದವರು ದಂಡಕ್ಕೆ ಗುರಿ. ಅದು ಐನೂರು ರೂಪಾಯಿಯವರೆಗೆ ಹೋಗಬಹುದು. ಹಣ ಕೊಟ್ಟಿದ್ದೀರಾ ಎಂದು ಕಾನೂನು ಕೇಳುವುದಿಲ್ಲ. ನಿಮ್ಮ ಬಳಿ ಇದೆಯೇ ಎಂದು ಕೇಳುತ್ತದೆ. ಟಿಕೆಟ್ ಮಾರಾಟವಾದದ್ದು ಯಂತ್ರದಲ್ಲೇ ದಾಖಲಾಗಿರುವಾಗ, ಕಂಡಕ್ಟರೇ ಸಾಕ್ಷಿ ಹೇಳಬಹುದಾಗಿರುವಾಗ, ಕೈಯಲ್ಲಿ ಚೀಟಿ ಇಲ್ಲ ಎಂಬ ಒಂದೇ ಕಾರಣಕ್ಕೆ ದಂಡ ಹಾಕುವುದು ನ್ಯಾಯವೇ? ಇದೆಲ್ಲವನ್ನೂ ಅಪ್ಪನಿಗೆ ಹೇಳಿದೆ. ಅವರು ಕಿಟಕಿಯಾಚೆಯ ಹಿಪ್ಪುನೇರಳೆ ತೋಟಗಳನ್ನೇ ನೋಡುತ್ತಿದ್ದರು. ಕಂಡಕ್ಟರ್ ಬಂದಾಗ, ಆ ದಾರಿಗೆ ನನ್ನ ಪಾಸ್ ನಡೆಯದ್ದರಿಂದ, ಇಬ್ಬರಿಗೂ ಟಿಕೆಟ್ ಕೊಂಡು, ಒಂದನ್ನು ಹರಿದು ಮೊದಲು ನನ್ನ ಅಂಗೈಯಲ್ಲಿಟ್ಟು ಬೆರಳುಗಳನ್ನು ಮುಚ್ಚಿದರು. ಚಿಕ್ಕಂದಿನಲ್ಲಿ ಜಾತ್ರೆಗೆ ಕಾಸು ಕೊಡುವಾಗ ಹಾಗೆ ಮುಚ್ಚುತ್ತಿದ್ದರು.

ಹಿರಿಯರ ಮನೆಯ ಜಗುಲಿಯಿಂದ ಬೆಟ್ಟ ಪೂರ್ತಿ ಕಾಣುತ್ತಿತ್ತು. ನಮ್ಮನ್ನು ಕಂಡವರೇ ಅವರು ಎದ್ದು, "ಸರ್ಲೆ, ಬನ್ನಿ ಒಳಕ್ಕೆ" ಎಂದರು. ಆ ಕಡೆ ತೆಲುಗು ಕನ್ನಡ ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. 'ಸರಿ, ಇರಲಿ' ಎನ್ನುವ ಆ 'ಸರ್ಲೆ'ಯಲ್ಲಿ ಕೋಪವಿತ್ತೋ ಸಮಾಧಾನವಿತ್ತೋ ನನಗೆ ತಿಳಿಯಲಿಲ್ಲ. ಹುಡುಗನ ತಾಯಿ ಮಜ್ಜಿಗೆ ತಂದಿಟ್ಟರು. ಅಪ್ಪ ಕುಡಿಯಲಿಲ್ಲ. ಎರಡು ಚೀಟಿಗಳನ್ನೂ ಚಾಪೆಯ ಮೇಲಿಟ್ಟು, ಇಳಿಯುವ ಸಂಭ್ರಮದಲ್ಲಿ ಮರೆತೆನೆಂದೂ, ತಮ್ಮಿಂದ ಅವರಿಗೆ ಆದ ಅವಮಾನಕ್ಕೆ ಕ್ಷಮೆ ಇರಲಿ ಎಂದೂ ಹೇಳಿದರು. ದಂಡದ ಹಣ ತಾವು ಕೊಡಬೇಕೆಂದಾಗ ಹಿರಿಯರು ಕೈ ಅಡ್ಡ ಹಿಡಿದರು.

ಆಮೇಲೆ ಅವರು ನಡೆದದ್ದನ್ನು ಹೇಳಿದರು. ಚೆಕಿಂಗ್‌ನವರು ಒರಟರಾಗಿರಲಿಲ್ಲವಂತೆ. ಯಜಮಾನರೇ ಎಂದೇ ಕರೆದರಂತೆ. ಟಿಕೆಟ್ ತಗೊಂಡವ್ರೆ ಎಂದು ಇವರು ಹೇಳಿದಾಗ, ಯಾರು ತಗೊಂಡವರು ಎಂದು ಕೇಳಿದರಂತೆ. ಕಂಡಕ್ಟರ್ ತಾನು ಟಿಕೆಟ್ ಕೊಟ್ಟದ್ದು ನಿಜವೆಂದನಂತೆ. ಆದರೆ ಚಿಂತಾಮಣಿಗೆ ಟಿಕೆಟ್ ಕೊಂಡವರು ಬಸ್ಸಿನ ತುಂಬ ಇದ್ದರು, ಅದರಲ್ಲಿ ಇವರದ್ದು ಯಾವುದೆಂದು ಯಂತ್ರ ಹೇಳುವಂತಿರಲಿಲ್ಲ.

"ಯಾರು ತಗೊಂಡವ್ರೆ ಅಂತ ಮತ್ತೆ ಕೇಳಿದ್ರು," ಎಂದರು ಹಿರಿಯರು. "ನಾನು ಅಂದೆ, ನಮ್ಮ ಬೀಗ್ರು ತಗೊಂಡವ್ರೆ ಅಂತ."

ಅಪ್ಪ ತಲೆ ಎತ್ತಿದರು.

"ಎಲ್ಲವ್ರೆ ನಿಮ್ಮ ಬೀಗ್ರು ಅಂದ್ರು. ಶಿಡ್ಲಘಟ್ಟದಲ್ಲೇ ಇಳಿದ್ರು ಅಂದೆ. ಹಿಂದಿನಿಂದ ಯಾವನೋ, ಹೆಣ್ಣು ಕೊಟ್ಟು ಟಿಕೆಟ್ ಕಿತ್ಕೊಂಡೋದ್ರಾ ಯಜಮಾನ್ರೇ ಅಂದ. ಬಸ್ಸೆಲ್ಲ ನಗು. ದಂಡ ಕಟ್ಟಿ ರಸೀದಿ ಇಸ್ಕೊಂಡೆ. ಕೂತ್ಕೊಂಡ ಮೇಲೆ ಯೋಚನೆ ಬಂತು. ಬೀಗ್ರು ಅಂದುಬಿಟ್ನಲ್ಲ, ಇನ್ನೂ ಮಾತೇ ಆಗಿಲ್ಲ. ಎರಡು ತಾಲ್ಲೂಕಿನ ಜನ ಕೇಳಿಸ್ಕೊಂಡವ್ರೆ."

ಅವರು ನಗುತ್ತಿರಲಿಲ್ಲ. ಹೆಂಡತಿಯ ಕಡೆ ಒಮ್ಮೆ ನೋಡಿ ಮುಂದುವರಿಸಿದರು. "ಟಿಕೆಟ್ ಇಲ್ದೋನು ಅನ್ನಿಸ್ಕೊಂಡಾಯ್ತು ಮೇಷ್ಟ್ರೇ. ಸುಳ್ಳು ಹೇಳಿದೋನು ಅಂತಲೂ ಅನ್ನಿಸ್ಕೊಳ್ಳಕೆ ನನಗೆ ಇಷ್ಟ ಇಲ್ಲ. ನಮ್ಮ ಹುಡುಗ ಮೊದಲ ದಿನವೇ ಒಪ್ಪಿದ್ದ. ತಡ ಮಾಡ್ತಾ ಇದ್ದಿದ್ದು ನಾನೇ."

ಅಪ್ಪನ ಕಣ್ಣು ತೇವವಾದದ್ದನ್ನು ನಾನು ಕಂಡೆ. ಆ ಕ್ಷಣದಲ್ಲಿ ಸುಮ್ಮನಿರಬೇಕಿತ್ತು ಎಂದು ಮನೆಯಲ್ಲಿ ಎಲ್ಲರೂ ಇಂದಿಗೂ ಹೇಳುತ್ತಾರೆ. ನಾನು ಇಂದಿಗೂ ಒಪ್ಪುವುದಿಲ್ಲ. ಬಸ್ಸಿನಲ್ಲಿ ಆಡಿದ ಒಂದು ಮಾತನ್ನು ನಿಜ ಮಾಡುವುದಕ್ಕಾಗಿ ನನ್ನ ಅಕ್ಕನ ಮದುವೆ ಆಗಬಾರದು ಎಂದೆ. ಅವಳನ್ನು ಯಾರೂ ಇನ್ನೂ ಕೇಳಿಲ್ಲ ಎಂದೆ. ಅವಳ ಕೆಲಸದ ವಿಷಯ ಏನೆಂದು ಬಾಯಿಬಿಟ್ಟು ಹೇಳಬೇಕು ಎಂದೆ. ಅಪ್ಪ ನನ್ನ ತೋಳು ಹಿಡಿದು ಅದುಮಿದರು.

ಹಿರಿಯರು ನನ್ನ ಕಡೆ ತಿರುಗಿದರು. "ಇದಕ್ಕೇ ಕಣಮ್ಮ ನಾನು ರಾತ್ರಿ ಫೋನ್ ಎತ್ಲಿಲ್ಲ," ಎಂದರು. "ನಿಮ್ಮನ್ನ ಕೇಳದೇನೆ ಬೀಗ್ರು ಅಂದುಬಿಟ್ಟಿದ್ದೆ, ಏನಂತ ಮಾತಾಡ್ಲಿ? ಆ ಮಾತು ನನ್ನ ಕಡೆಯಿಂದ ಅಷ್ಟೇ. ನಿಮ್ಮಕ್ಕನ ಮಾತು ಬೇರೆ ಐತೆ. ಕೇಳು ಈಗಲೇ. ಬೇಡ ಅಂದ್ರೆ ಬೇಡ. ಕೆಲಸದ ವಿಷಯ ಇವಳು ಅವತ್ತೇ ಕೇಳಿದ್ಲಲ್ಲ, ನಾವು ಬಿಡಿಸೋ ಹಂಗಿದ್ರೆ ಯಾಕೆ ಕೇಳ್ತಿದ್ಲು?"

ನಾನು ಅಂಗಳಕ್ಕೆ ಬಂದು ಅಕ್ಕನಿಗೆ ಫೋನ್ ಮಾಡಿದೆ. ಹುರುಳಿ ಒಣಹಾಕಿದ್ದ ಚಾಪೆಯ ಅಂಚಿನಲ್ಲಿ ನಿಂತು ಎಲ್ಲವನ್ನೂ ಕ್ರಮವಾಗಿ, ಒಂದನ್ನೂ ಬಿಡದೆ ಹೇಳಿದೆ. ಆ ಕಡೆ ಲ್ಯಾಬಿನಲ್ಲಿ ಯಾವುದೋ ಮಗು ಅಳುತ್ತಿತ್ತು. ಅಕ್ಕ ಕೇಳಿದ್ದು ಒಂದನ್ನೇ, ಅವರಿಗೆ ಬಹಳ ಬೇಜಾರಾಗಿದೆಯಾ ಎಂದು. ಆಗಿತ್ತು, ಈಗಿಲ್ಲ ಎಂದೆ. "ಹಾಗಾದ್ರೆ ಹೂಂ ಅನ್ನು" ಎಂದಳು. ಮಗುವಿನ ಕಡೆ ತಿರುಗಿ, ಇಗೋ ಆಗೇಹೋಯ್ತು ಕಂದ ಎನ್ನುವುದು ಕೇಳಿಸಿತು. ಫೋನ್ ಕಟ್ಟಾಯಿತು.

ಮದುವೆ ಆ ಬೇಸಿಗೆಯಲ್ಲಿ ಆಯಿತು. ಅಕ್ಕ ಚಿಂತಾಮಣಿಯ ಲ್ಯಾಬೊಂದರಲ್ಲಿ ಕೆಲಸಕ್ಕೆ ಸೇರಿದಳು; ಈಗಲೂ ಅಲ್ಲೇ ಇದ್ದಾಳೆ. ಬೀಗರಿಬ್ಬರೂ ಆಮೇಲೆ ಎಷ್ಟೋ ಸಲ ಅದೇ ದಾರಿಯಲ್ಲಿ ಜೊತೆಯಾಗಿ ಬಸ್ಸಿನಲ್ಲಿ ಹೋದರು. ಟಿಕೆಟ್ ಯಾರು ಕೊಳ್ಳಬೇಕೆಂಬ ಜಗಳ ಅವರು ಬದುಕಿದ್ದಷ್ಟು ದಿನವೂ ನಿಲ್ಲಲಿಲ್ಲ. ಯಾರು ಕೊಂಡರೂ ಇನ್ನೊಬ್ಬರು ಕೈ ಚಾಚಿ ತಮ್ಮ ಚೀಟಿಯನ್ನು ಕೇಳಿ ಪಡೆಯುತ್ತಿದ್ದರು. ಮೊದಲಾಗಿದ್ದರೆ ಅದು ಅವಮಾನ. ಅವರಿಬ್ಬರ ನಡುವೆ ಅದು ಸಲುಗೆಯಾಯಿತು. ಇಬ್ಬರೂ ಈಗಿಲ್ಲ. ನೋಟನ್ನು ಕೈಯಿಂದ ಕೈಗೆ ದಾಟಿಸುವ ಬಸ್ಸುಗಳೂ ಕಡಿಮೆಯಾದವು. ಕಂಡಕ್ಟರ್ ಬಳಿ ಫೋನ್ ಹಿಡಿದರೆ ಹಣ ಹೋಗುತ್ತದೆ. ಹತ್ತು ಜನರ ಬೆರಳು ದಾಟಿ ಬರುವಾಗ ಬೆಚ್ಚಗಾಗಿರುತ್ತಿದ್ದ ಆ ಚಿಲ್ಲರೆ ನನಗೆ ಆಗಾಗ ನೆನಪಾಗುತ್ತದೆ.

ನನ್ನ ಹಳೆಯ ವಾದವನ್ನು ನಾನು ಕೈಬಿಟ್ಟಿಲ್ಲ. ಹಣ ಕೊಡದೆ ಪ್ರಯಾಣಿಸುವವನಿಗೆ ದಂಡ ಇರಲೇಬೇಕು; ಬಸ್ಸು ಎಲ್ಲರದ್ದು, ಅದನ್ನು ಓಡಿಸುವ ಹೊಣೆಯೂ ಎಲ್ಲರದ್ದು. ಆದರೆ ಹಣ ಕೊಟ್ಟೂ ಚೀಟಿ ಇಲ್ಲದವರನ್ನು ಹಣ ಕೊಡದವರಿಂದ ಬೇರೆಯಾಗಿ ನೋಡುವ ದಾರಿಯೊಂದನ್ನು ನಿಯಮಗಳು ಕಂಡುಕೊಳ್ಳಬೇಕು ಎಂದು ಎಲ್ಲಿ ಮಾತಾಡಲು ಕರೆದರೂ ಹೇಳುತ್ತೇನೆ. ಆ ದಾರಿ ಬರುವವರೆಗೆ ಕಾನೂನು ಇರುವುದು ಹೀಗೆಯೇ.

ಈಚೆಗೆ ಗೌರಿಬಿದನೂರಿನ ಬಸ್ಸಿನಲ್ಲಿ ಸ್ವಸಹಾಯ ಸಂಘದ ಹೆಂಗಸರ ಗುಂಪೊಂದು ನನ್ನ ಸುತ್ತ ಕುಳಿತಿತ್ತು. ಹೆಂಗಸರಿಗೆ ಈಗ ಪ್ರಯಾಣ ಉಚಿತ. ಆದರೂ ಕಂಡಕ್ಟರ್ ಸೊನ್ನೆ ದರದ ಟಿಕೆಟ್ ಕೊಡುತ್ತಾರೆ, ಅದನ್ನು ಪಡೆದು ಇಟ್ಟುಕೊಳ್ಳಲೇಬೇಕು. ಎಲ್ಲರ ಟಿಕೆಟ್ಟೂ ಒಬ್ಬಾಕೆಯ ಸೊಂಟದ ಚೀಲದಲ್ಲಿತ್ತು. ಆಕೆ ಇಳಿಯುವುದು ಎಲ್ಲಿ ಎಂದು ಕೇಳಿದೆ. ನಡುದಾರಿಯ ಹಳ್ಳಿಯಲ್ಲಿ ಎಂದರು. ಉಳಿದವರು? ಕೊನೆಯ ಸ್ಟಾಪಿನವರೆಗೆ. ನಾನು ವಿಷಯ ಹೇಳಿದಾಗ ಒಬ್ಬರು, "ಬಿಟ್ಟಿ ಟಿಕೆಟ್ಟಿಗೂ ದಂಡ ಹಾಕ್ತಾರೇನಮ್ಮ?" ಎಂದು ನಕ್ಕರು. ಟಿಕೆಟ್ ಕೈಯಲ್ಲಿಲ್ಲದಿದ್ದರೆ ಅದು ಬಿಟ್ಟಿಯದೋ ಕಾಸಿನದೋ ಎಂದು ತಿಳಿಯುವುದು ಹೇಗೆ ಎಂದೆ. ಚೀಲ ಬಿಚ್ಚಿ ಒಬ್ಬೊಬ್ಬರಿಗೂ ಹಂಚಿದರು.

ಇದನ್ನು ಓದಿದ ನಿಮ್ಮಲ್ಲಿ ನನ್ನದು ಇಷ್ಟೇ ಕೋರಿಕೆ. ಇನ್ನೊಬ್ಬರಿಗಾಗಿ ಟಿಕೆಟ್ ಕೊಂಡರೆ, ಅದು ಹಣದ್ದಾಗಲಿ ಉಚಿತದ್ದಾಗಲಿ, ನೀವು ಇಳಿಯುವ ಮೊದಲು ಅದನ್ನು ಅವರ ಕೈಗೆ ಕೊಡಿ. ನಿಮಗಾಗಿ ಬೇರೆಯವರು ಕೊಂಡಿದ್ದರೆ ಸಂಕೋಚಪಡದೆ ಕೇಳಿ ಪಡೆದುಕೊಳ್ಳಿ.